ಹಾಲೆಲೆ

ಆ ಬೀದಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದವರನ್ನು ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಗೊತ್ತಪ್ಪ. ಎದುರಿನವರು ಏನು ಹೇಳಲು ಬಾಯಿ ತೆರೆದರೂ ಮಾತು ಮುಗಿಯುವ ಮುಂಚೆಯೇ "ಗೊತ್ತು, ಗೊತ್ತು" ಎನ್ನುವುದು ಅವರ ಅಭ್ಯಾಸ. ಒಮ್ಮೆ ಗಿರಾಕಿಯೊಬ್ಬ ಓಡಿಬಂದು "ರೀ, ನಿಮ್ಮ ಅಂಗಡಿ ಹಿಂದುಗಡೆ ಹೊಗೆ..." ಎನ್ನುವಷ್ಟರಲ್ಲಿ "ಗೊತ್ತು" ಎಂದು ಅವನನ್ನು ಸಾಗಹಾಕಿ, ಬೀರು ತುಂಬ ಇದ್ದ ಹೊಸ ಕಟ್ಟುಗಳನ್ನು ಬೂದಿ ಮಾಡಿಕೊಂಡಿದ್ದರು. ಮನುಷ್ಯ ಕೆಟ್ಟವರೇನಲ್ಲ. ಕೇಳಿದವರಿಗೆ ಇಲ್ಲವೆನ್ನುವ ಪೈಕಿಯೂ ಅಲ್ಲ. 'ಗೊತ್ತಿಲ್ಲ' ಎಂಬ ಮೂರಕ್ಷರ ಮಾತ್ರ ಅವರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ಸಿಕ್ಕಿಕೊಳ್ಳುತ್ತಿತ್ತು.

ನೀರಿನ ಪೈಪು ಹೂಳುವ ನೆಪದಲ್ಲಿ ಆ ಬೀದಿಯ ಹಳೇ ಮರಗಳೆಲ್ಲ ಉರುಳಿಹೋಗಿದ್ದವು. ಬಿಸಿಲು ನೇರವಾಗಿ ಜನರ ನೆತ್ತಿಯ ಮೇಲೇ ಇಳಿಯತೊಡಗಿದ ಮೇಲೆ ಎಲ್ಲರಿಗೂ ಮರಗಳ ಮೇಲೆ ಪ್ರೀತಿ ಉಕ್ಕಿತು. ಪುರಸಭೆಯಿಂದ ಸಸಿಗಳು ಬಂದವು. ಅವನ್ನು ಹಂಚುವುದಕ್ಕೆ ಬೀದಿಯ ಸಂಘದ ಅಧ್ಯಕ್ಷರಾದ ಮಾಸ್ತರು ತಮ್ಮ ಮನೆಯ ಜಗಲಿಯಲ್ಲಿ ಸಭೆ ಕರೆದರು. ಮಾಸ್ತರು ಶಾಲೆಯಿಂದ ನಿವೃತ್ತರಾಗಿದ್ದರು. ಆದರೆ ಶಾಲೆ ಮಾಸ್ತರಿಂದ ನಿವೃತ್ತವಾಗಿರಲಿಲ್ಲ. ಸಭೆಯಲ್ಲಿ ಮಾತಾಡಬೇಕೆಂದರೆ ದೊಡ್ಡವರೂ ಕೈ ಎತ್ತಬೇಕಾಗಿತ್ತು.

"ಮನೆಗೊಂದು ಸಸಿ. ಗುಂಡಿ ಎಷ್ಟು ಆಳ ಇರಬೇಕು, ಯಾರಿಗೆ ಗೊತ್ತು?" ಎಂದರು ಮಾಸ್ತರು.

ಅವರು ಕೇಳಿದ್ದು ಯಾರಿಗೂ ಗೊತ್ತಿಲ್ಲವೆಂಬ ಧೈರ್ಯದ ಮೇಲೆ. ಉತ್ತರವನ್ನು ತಾವೇ ಹೇಳಲು ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಗೊತ್ತಪ್ಪನವರಾದರೋ ಸಭೆಯ ಕಡೆಗೆ ಬೆನ್ನು ಮಾಡಿ ಬಾಗಿಲ ಬಳಿ ತಮ್ಮ ಚಪ್ಪಲಿ ಹುಡುಕುತ್ತಿದ್ದರು. 'ಯಾರಿಗೆ ಗೊತ್ತು' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬಾಯಿ ತನ್ನಷ್ಟಕ್ಕೆ ತಾನೇ "ನನಗ್ಗೊತ್ತು" ಎಂದುಬಿಟ್ಟಿತು.

ಎಲ್ಲ ತಲೆಗಳೂ ತಿರುಗಿದವು. ಮಾಸ್ತರ ಮುಖ ಸಪ್ಪಗಾಯಿತು.

"ಎಷ್ಟು ಆಳ, ಹೇಳಿ ನೋಡೋಣ?"

"ಅದು..." ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ ಗೊತ್ತಪ್ಪನವರು ಇನ್ನೊಂದು ಕಾಲನ್ನು ಗಾಳಿಯಲ್ಲೇ ನಿಲ್ಲಿಸಿದರು. "ಅದು ಗಿಡದ ಮೇಲೆ ಹೋಗತ್ತೆ. ಈಗ ನಮ್ಮ ಕೆಲಸಾನೇ ತಗೊಳ್ಳಿ. ಫೋಟೊ ನೋಡಿ ಕಟ್ಟು. ಗಿಡ ನೋಡಿ ಗುಂಡಿ."

ಅರ್ಥವಾಗದ ಮಾತಿಗೆ ಸಿಗುವ ಗೌರವ ಅರ್ಥವಾದ ಮಾತಿಗೆ ಎಲ್ಲಿ ಸಿಕ್ಕೀತು? ಮೂಲೆಮನೆಯ ಬೇಕರಿಯವನು "ಆಹಾ! ಗಿಡ ನೋಡಿ ಗುಂಡಿ!" ಎಂದು ತೊಡೆ ತಟ್ಟಿದ. ಎದುರುಮನೆಯ ನರ್ಸಮ್ಮ ತಲೆದೂಗಿದರು. ಸಭೆ ಮುಗಿಯುವ ಹೊತ್ತಿಗೆ ಗೊತ್ತಪ್ಪನವರು ಬೀದಿಯ ವೃಕ್ಷ ಸಲಹೆಗಾರರಾಗಿ ಸರ್ವಾನುಮತದಿಂದ ಆಯ್ಕೆಯಾಗಿದ್ದರು.

ಸುದ್ದಿ ಮನೆಗೆ ಅವರಿಗಿಂತ ಮುಂಚೆ ತಲುಪಿತ್ತು. ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಆ ಮನೆಯಲ್ಲೇ ಇದ್ದರು. ಅಳಿಯನ ವಿಷಯದಲ್ಲಿ ಅವರಿಗೆ ಮದುವೆಯ ದಿನವೇ ಒಂದು ಅಭಿಪ್ರಾಯ ಹುಟ್ಟಿತ್ತು. ಅದನ್ನು ಬದಲಾಯಿಸುವ ಪ್ರಸಂಗ ಈವರೆಗೂ ಬಂದಿರಲಿಲ್ಲ.

"ಯಾರನ್ನ? ಇವರನ್ನಾ?" ಎಂದರು ಅತ್ತೆ ಮಗಳ ಕಡೆ ತಿರುಗಿ. "ಇವರು ನೀರು ಹಾಕಿದ್ರೆ ಪ್ಲಾಸ್ಟಿಕ್ ಹೂವೂ ಬಾಡತ್ತಲ್ಲೇ!"

ಗೊತ್ತಪ್ಪನವರಿಗೆ ಅವಮಾನವಾಯಿತು. ಅಂಗಡಿಯಲ್ಲಿ ಉಳಿದಿದ್ದ ಚಿನ್ನದ ಬಣ್ಣದ ಪಟ್ಟಿಗಳನ್ನೆಲ್ಲ ತಂದು, ಮೂಲೆ ಜೋಡಿಸಿ, ಮೊಳೆ ಹೊಡೆದು, ಮನೆಯ ಮುಂದಿನ ಸಸಿಗೆ ಬೇಲಿ ಕಟ್ಟಿದರು. ಬೀದಿಯ ಉಳಿದ ಸಸಿಗಳು ಮುಳ್ಳುತಂತಿಯೊಳಗೆ ಕೈದಿಗಳ ಹಾಗೆ ನಿಂತಿದ್ದರೆ, ಇದು ಮಾತ್ರ ಚಿನ್ನದ ಕಟ್ಟಿನೊಳಗೆ ಯಾರೋ ದೊಡ್ಡ ಮನುಷ್ಯರ ಭಾವಚಿತ್ರದ ಹಾಗೆ ಕಂಗೊಳಿಸುತ್ತಿತ್ತು. ಗೊತ್ತಪ್ಪನವರು ಬೀದಿಯುದ್ದಕ್ಕೂ ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತ, "ನೀರು ಜಾಸ್ತಿ ಆಯ್ತು", "ನೀರು ಕಮ್ಮಿ ಆಯ್ತು" ಎಂದು ಸಲಹೆ ಕೊಡತೊಡಗಿದರು. ಎರಡರಲ್ಲಿ ಒಂದು ಹೇಗೂ ನಿಜವಾಗಿರುತ್ತಿತ್ತು.

ಇಷ್ಟೆಲ್ಲ ಓಡಾಟದ ನಡುವೆ ತಮ್ಮ ಸಸಿಗೆ ನೀರು ಹಾಕಲು ಅವರಿಗೆ ಪುರುಸೊತ್ತು ಸಿಗುತ್ತಿರಲಿಲ್ಲ. ಸಂಜೆ ಅಂಗಡಿ ಮುಚ್ಚುವಾಗ ವಾರ್ನಿಶ್ ಹಚ್ಚಿದ ಬ್ರಷ್ಷುಗಳನ್ನು ಟರ್ಪಂಟೈನಿನಲ್ಲಿ ಅದ್ದಿ ತೊಳೆದ ನೀರು ಒಂದು ಬಕೆಟ್ಟು ಉಳಿಯುತ್ತಿತ್ತು. ನೀರೆಂದರೆ ನೀರೇ ಎಂದುಕೊಂಡು ಅದನ್ನೇ ಬುಡಕ್ಕೆ ಸುರಿದುಬಿಡುತ್ತಿದ್ದರು. ಸಸಿ ಮೊದಲು ಹಳದಿಯಾಯಿತು. ಆಮೇಲೆ ಕಂದಾಯಿತು. ಕೊನೆಗೆ, ವಾರ್ನಿಶ್ಶಿನ ಪುಣ್ಯದಿಂದ, ಬುಡದಲ್ಲಿ ಸ್ವಲ್ಪ ಹೊಳಪೂ ಬಂತು.

"ಸತ್ತಿದೆ," ಎಂದರು ಹೆಂಡತಿ ಬೇಲಿಯೊಳಗೆ ಬಗ್ಗಿ ನೋಡಿ.

"ಗೊತ್ತು," ಎಂದರು ಗೊತ್ತಪ್ಪ. ಆ ಸಲ ಅವರಿಗೆ ನಿಜವಾಗಿಯೂ ಗೊತ್ತಿತ್ತು.

ಮರುದಿನ ಬೆಳಕು ಹರಿಯುವ ಮುಂಚೆಯೇ ಅವರು ಸ್ಕೂಟರ್ ಹತ್ತಿ ಊರಾಚೆಯ ಸಸ್ಯವಾಟಿಕೆಗೆ ಹೋದರು. ಪುರಸಭೆ ಕೊಟ್ಟಂಥ ದುಂಡೆಲೆಯ ಸಸಿ ಅಲ್ಲಿರಲಿಲ್ಲ. ಇದ್ದದ್ದು ಉದ್ದೆಲೆಯ, ಸೊಂಟದೆತ್ತರದ ಒಂದು ಗಿಡ.

"ಇದೇನು ಗಿಡ?" ಎಂದು ಕೇಳಿದರು.

ಸಸ್ಯವಾಟಿಕೆಯಾಕೆ ಆಕಳಿಸುತ್ತ, "ಬೆಳೆಯೋ ಗಿಡ," ಎಂದಳು.

ಅದನ್ನು ಕಾಲುಗಳ ನಡುವೆ ಇಟ್ಟುಕೊಂಡು, ಎಲೆಗಳ ಸಂದಿಯಿಂದ ರಸ್ತೆ ನೋಡುತ್ತ ಮನೆಗೆ ಬಂದು, ಸತ್ತದ್ದನ್ನು ಕಿತ್ತು, ಬಂದದ್ದನ್ನು ಗಡಿಬಿಡಿಯಲ್ಲಿ ಗುಂಡಿಗಿಳಿಸಿ, ಮಣ್ಣು ತುಳಿದರು.

"ಯಾರಿಗೂ ಹೇಳ್ಬೇಡ," ಎಂದರು ಹೆಂಡತಿಗೆ.

"ನಾನ್ಯಾಕೆ ಹೇಳ್ಲಿ? ಗಿಡಾನೇ ಹೇಳತ್ತೆ," ಎಂದು ಆಕೆ ಒಳಗೆ ಹೋದರು.

ಗಿಡ ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ ಚಿನ್ನದ ಬೇಲಿಯ ಮುಂದೆ ಗಕ್ಕನೆ ನಿಂತರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ನಿನ್ನೆ ಮೊಣಕಾಲಿಗೆ ಬರ್ತಿತ್ತು! ಇವತ್ತು ನನ್ನ ಸೊಂಟಕ್ಕೆ ಬಂದಿದೆ!"

ಅವರದು ವಾರ್ಡಿನ ಆ ತುದಿಗೂ ಕೇಳುವ ಗಂಟಲು. ಬೇಕರಿಯವನು ಮೈದಾ ಮೆತ್ತಿದ ಕೈಯಲ್ಲೇ ಓಡಿಬಂದ. ಹಿಂದೆಯೇ ಅವನ ಪುಟ್ಟ ಮಗಳು ಬನ್ನು ಕಚ್ಚುತ್ತ ಬಂದಳು. ಮಾಸ್ತರು ಅರ್ಧ ಕ್ಷೌರ ಮಾಡಿಕೊಂಡ ಮುಖದಲ್ಲಿ ಬಂದರು.

"ಬರೀ ಎತ್ತರ ಅಲ್ಲಾರೀ, ಎಲೆ ನೋಡಿ!" ಎಂದ ಬೇಕರಿಯವನು. "ದುಂಡಗಿತ್ತು, ಬಾಡಿತ್ತು. ಉದ್ದ ಆಗಿದೆ!"

"ಗೊತ್ತು," ಎಂದರು ಗೊತ್ತಪ್ಪ, ಉಗುರುಸಂದಿಯ ಮಣ್ಣನ್ನು ಬೆನ್ನ ಹಿಂದೆ ಮರೆಮಾಡುತ್ತ.

"ಏನು ಗೊತ್ತು? ಯಾಕೆ ಉದ್ದ ಆಯ್ತು?" ಮಾಸ್ತರು ಪಟ್ಟು ಹಿಡಿದರು.

ಗೊತ್ತಪ್ಪನವರು ಆಕಾಶ ನೋಡಿದರು, ನೆಲ ನೋಡಿದರು. ಆಕಾಶ, ನೆಲ ಎರಡೂ ಸಹಾಯಕ್ಕೆ ಬರಲಿಲ್ಲ. ಬೇಕರಿಯವನ ಮಗಳು ಬನ್ನಿನಿಂದ ಬಾಯಿ ತೆಗೆದು ಅವರನ್ನು ನೋಡಿ ನಕ್ಕಳು. ಮುಂದಿನ ಎರಡು ಹಲ್ಲು ಇರಲಿಲ್ಲ.

"ಮಕ್ಕಳಿಗೆ ಹಾಲುಹಲ್ಲು ಇರಲ್ವಾ?" ಎಂದರು ಗೊತ್ತಪ್ಪ. "ಅದು ಬಿದ್ದ ಮೇಲೆ ತಾನೆ ಅಸಲಿ ಹಲ್ಲು ಬರೋದು? ಹಾಗೇ ಗಿಡಕ್ಕೂ ಇರತ್ತೆ. ಹಾಲೆಲೆ."

"ಹಾಲೆಲೆ?"

"ಹಾಲೆಲೆ. ಅದು ಬಿದ್ದ ಕೂಡಲೇ ಗಿಡ ಜಿಗಿದುಬಿಡತ್ತೆ."

ಎಲ್ಲರೂ ಹುಡುಗಿಯ ಬಾಯಿ ನೋಡಿದರು, ಗಿಡ ನೋಡಿದರು. ಆಮೇಲೆ ನರ್ಸಮ್ಮ, "ವೈದ್ಯಕೀಯವಾಗಿ ನೋಡಿದ್ರೆ ಇದು ಸರೀನೇ," ಎಂದರು. ಅಲ್ಲಿಗೆ ಆ ಸುಳ್ಳು ವಿಜ್ಞಾನವಾಯಿತು. ಮಾಸ್ತರು ಮನೆಗೆ ಹೋಗಿ, ಕ್ಷೌರದ ಇನ್ನರ್ಧವನ್ನು ಮರೆತು, ಗೇಟಿಗೆ ನೇತುಹಾಕಿದ್ದ ಕಪ್ಪುಹಲಗೆಯ ಮೇಲೆ 'ಇಂದಿನ ವಿಷಯ: ಹಾಲೆಲೆ' ಎಂದು ದುಂಡಗೆ ಬರೆದರು.

ಇದರಿಂದ ಅತಿ ದೊಡ್ಡ ಬದಲಾವಣೆ ಆದದ್ದು ಗೊತ್ತಪ್ಪನವರ ಮನೆಯೊಳಗೆ. ಅತ್ತೆ ಗಿಡದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ನೋಡಲು ಬಂದವರಿಗೆ, "ನಮ್ಮ ಅಳಿಯಂದ್ರು. ಮೊದಲಿಂದಲೂ ಬುದ್ಧಿವಂತರು. ಹೇಳ್ಕೊಳ್ಳೋ ಸ್ವಭಾವ ಇಲ್ಲ, ಅಷ್ಟೆ," ಎಂದು ವಿವರಿಸಿದರು. ಊಟಕ್ಕೆ ಕೂತಾಗ ಅಳಿಯನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದರು. ಗೊತ್ತಪ್ಪನವರು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸುತ್ತ ಕೂತರು. ಹೆಂಡತಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಎದ್ದುಹೋದರು. ಅಲ್ಲಿಂದ ಬಹಳ ಹೊತ್ತು ಕೆಮ್ಮಿನಂಥ ಸದ್ದು ಕೇಳುತ್ತಿತ್ತು.

ವಿಷಯ ಇಲ್ಲಿಗೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಪಕ್ಕದ ಮನೆಯ ಮಗುವಿಗೆ ಹಲ್ಲು ಬಂದು ತಮ್ಮ ಮಗುವಿಗೆ ಬಾರದಿದ್ದರೆ ಯಾವ ತಂದೆತಾಯಿ ಸುಮ್ಮನಿದ್ದಾರು? ಬೀದಿಯವರೆಲ್ಲ ಬೆಳಗೆದ್ದು ತಮ್ಮ ತಮ್ಮ ಸಸಿಗಳ ಎಲೆ ಅಲ್ಲಾಡಿಸಿ ನೋಡತೊಡಗಿದರು.

"ಅಲ್ಲಾಡ್ತಾ ಇದೆಯಾ?"

"ಇಲ್ಲಾ ರೀ, ಗಟ್ಟಿಯಾಗೇ ಇದೆ."

"ಅಯ್ಯೋ ಪಾಪ. ಹಿಂದೆ ಬಿದ್ದಿದೆ."

ಎಲ್ಲರಿಗಿಂತ ಮೊದಲು ತಾಳ್ಮೆಗೆಟ್ಟವನು ಬೇಕರಿಯವನು. ಒಲೆಯಲ್ಲಿಟ್ಟದ್ದು ಹೊತ್ತಿಗೆ ಸರಿಯಾಗಿ ಉಬ್ಬಿ ಬರಬೇಕೆಂಬ ವೃತ್ತಿ ಅವನದು. ಉಬ್ಬದ ಗಿಡವನ್ನು ಅವನು ಸಹಿಸಲಾರ. ಗೊತ್ತಪ್ಪನವರು ಆ ಬೆಳಿಗ್ಗೆ ಕೈ ಹಿಂದೆ ಕಟ್ಟಿಕೊಂಡು ಮೂಲೆ ತಿರುಗಿದಾಗ ಬೇಕರಿಯ ಮುಂದೆ ಒಂದು ಬೋಳುಕಡ್ಡಿ ನಿಂತಿತ್ತು. ಬುಡದಲ್ಲಿ ಹಸಿ ಹಸಿ ದುಂಡೆಲೆಗಳ ರಾಶಿ.

"ಏನು ಮಾಡಿದ್ರಿ ಇದು!"

"ಕಿತ್ತೆ," ಎಂದ ಬೇಕರಿಯವನು ಹೆಮ್ಮೆಯಿಂದ. "ಹಾಲುಹಲ್ಲು ತಾನಾಗೇ ಬೀಳ್ದಿದ್ರೆ ಡಾಕ್ಟರು ಕೀಳಲ್ವಾ?"

"ಕೀಳಬಾರದು! ಸತ್ತುಹೋಗತ್ತೆ! ಎಲೆ ಇಲ್ದೆ ಗಿಡ ಹೇಗಪ್ಪಾ ಬದುಕತ್ತೆ?"

"ಓಹೋ," ಬೇಕರಿಯವನ ಕಣ್ಣು ಸಣ್ಣದಾಯಿತು. "ನಿಮ್ಮದು ಜಿಗಿದಾಯ್ತು. ಈಗ ಬೇರೆಯವರ ಗಿಡ ಮೇಲೆ ಬಂದ್ರೆ ಹೊಟ್ಟೆ ಉರಿಯತ್ತೆ ಅನ್ನಿ. ಗುಟ್ಟು ಅರ್ಧ ಹೇಳಿ ಅರ್ಧ ಬಚ್ಚಿಟ್ಟುಕೊಂಡಿದೀರಾ ಅಂತ ನನಗೆ ಮೊದಲೇ ಅನುಮಾನ ಇತ್ತು ಕಣ್ರೀ."

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಅರ್ಧಕ್ಕರ್ಧ ಸಸಿಗಳು ಬೋಳಾಗಿದ್ದವು. ನರ್ಸಮ್ಮ ಗ್ಲೌಸು ಹಾಕಿಕೊಂಡು, ಪ್ರತಿ ಎಲೆ ಕಿತ್ತ ಜಾಗಕ್ಕೂ ಹತ್ತಿಯಿಂದ ಔಷಧಿ ಒತ್ತುತ್ತ, "ಆಯ್ತು, ಆಯ್ತು, ನೋವಾಗಲ್ಲ," ಎನ್ನುತ್ತಿದ್ದರು. ಗೊತ್ತಪ್ಪನವರು ಒಂದು ಗಿಡದಿಂದ ಇನ್ನೊಂದಕ್ಕೆ ಓಡಿದರು. ಬೇಡಿಕೊಂಡರು, ಗದರಿದರು. ಅವರು ಬೇಡವೆಂದಷ್ಟೂ ಜನ ಜೋರಾಗಿ ಕಿತ್ತರು. ಕೊನೆಗೆ ಏದುಸಿರು ಬಿಡುತ್ತ ಮಾಸ್ತರ ಮನೆಗೆ ಬಂದರು. ಮಾಸ್ತರು ತಮ್ಮ ಸಸಿಯ ಮುಂದೆ ಸ್ಟೂಲು ಹಾಕಿಕೊಂಡು, ಚಿಮಟ ಹಿಡಿದು, ಮೊದಲನೇ ಎಲೆಗೆ ಗುರಿ ಇಡುತ್ತಿದ್ದರು.

"ಮಾಸ್ತರೇ, ನಿಲ್ಸಿ! ಹಾಲೆಲೆ ಅಂತ ಯಾವುದೂ ಇಲ್ಲ. ನನಗೆ ಗಿಡದ ವಿಷಯ..." ಗೊತ್ತಪ್ಪನವರ ಗಂಟಲ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. "ಗೊ... ಗೊತ್ತಿಲ್ಲ! ಏನೂ ಗೊತ್ತಿಲ್ಲ!"

ಮಾಸ್ತರು ಚಿಮಟ ಕೆಳಗಿಟ್ಟು ನಿಧಾನವಾಗಿ ಎದ್ದು ನಿಂತರು. ಅವರ ಕಣ್ಣೂ ಒದ್ದೆಯಾಗಿತ್ತು.

"ಇದು ಕಣ್ರೀ ವಿನಯ ಅಂದ್ರೆ! ತುಂಬಿದ ಕೊಡ ತುಳುಕಲ್ಲ ಅಂತ ಜೀವಮಾನವೆಲ್ಲ ಪಾಠ ಹೇಳಿದೆ. ಕಣ್ಣಾರೆ ನೋಡಿದ್ದು ಇವತ್ತೇ."

ಹೀಗೆಂದು ಮತ್ತೆ ಕೂತು ಎಲೆ ಕಿತ್ತರು.

ಗೊತ್ತಪ್ಪನವರಿಗೆ ಉಳಿದಿದ್ದ ಆಸೆ ಒಂದೇ. ಸಸಿಗಳನ್ನು ನೋಡಲು ಪುರಸಭೆಯ ಉದ್ಯಾನ ವಿಭಾಗದ ಸಾಹೇಬರು ಮರುದಿನ ಬರುವವರಿದ್ದರು. ಓದಿದವರು, ತಿಳಿದವರು, ಅಧಿಕಾರವಿದ್ದವರು. ಒಂದೇ ಮಾತಿನಲ್ಲಿ ಈ ಹುಚ್ಚು ಬಿಡಿಸುತ್ತಾರೆ. ತಮ್ಮ ಮಾನ ಹೋಗುತ್ತದೆ, ಹೋಗಲಿ.

ಸಾಹೇಬರು ಬಂದರು. ಅವರು ಉದ್ಯಾನ ವಿಭಾಗಕ್ಕೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಅದಕ್ಕೂ ಮುಂಚೆ ಚರಂಡಿ ವಿಭಾಗದಲ್ಲಿದ್ದರು. ಜೀಪಿನಿಂದಿಳಿದವರೇ ಅಭ್ಯಾಸಬಲದಿಂದ ಮೊದಲು ಮೋರಿ ನೋಡಿದರು. ಆಮೇಲೆ ತಲೆ ಎತ್ತಿ ಸಾಲಾಗಿ ನಿಂತ ಬೋಳುಕಡ್ಡಿಗಳನ್ನೂ, ಚಿನ್ನದ ಕಟ್ಟಿನೊಳಗೆ ತೊನೆಯುತ್ತಿದ್ದ ಉದ್ದೆಲೆಯ ಗಿಡವನ್ನೂ ನೋಡಿದರು. ಅತ್ತೆ ಕುರ್ಚಿಯಿಂದ ಎದ್ದು ದಾರಿ ಬಿಟ್ಟರು. ಮಾಸ್ತರು ಹಾಲೆಲೆಯ ಸಿದ್ಧಾಂತವನ್ನು ಪೀಠಿಕೆ ಸಹಿತ ಒಪ್ಪಿಸಿದರು.

ಸಾಹೇಬರು ಗಲ್ಲ ಕೆರೆದುಕೊಂಡರು. ಸುತ್ತ ಇಡೀ ಬೀದಿ ಬಾಯಿ ತೆರೆದುಕೊಂಡು ನಿಂತಿತ್ತು.

"ಗೊತ್ತು," ಎಂದರು ಸಾಹೇಬರು.

ಗೊತ್ತಪ್ಪನವರು ಆ ಪದವನ್ನು ಬದುಕಿಡೀ ಆಡಿದ್ದರು. ಎದುರಿಗೆ ನಿಂತು ಕೇಳಿಸಿಕೊಂಡದ್ದು ಅದೇ ಮೊದಲು. ಕಪಾಳಕ್ಕೆ ಹೊಡೆದ ಹಾಗಾಯಿತು.

"ಹಾಲೆಲೆ ವಿಷಯ ನಮ್ಮ ತರಬೇತೀಲೇ ಬಂದಿತ್ತು," ಸಾಹೇಬರು ಮುಂದುವರಿಸಿದರು. "ಒಳ್ಳೇ ಕೆಲಸ ಮಾಡಿದೀರಿ. ನಾಳೆಯಿಂದ ಊರಿನ ಎಲ್ಲಾ ಸಸಿಗಳದ್ದೂ ಕೀಳಿಸಿಬಿಡೋಣ. ಆಸ್ಪತ್ರೆ ರಸ್ತೆ, ಶಾಲೆ ಮೈದಾನ, ಎಲ್ಲಾ ಕಡೆ!"

ಚಪ್ಪಾಳೆ ಬಿತ್ತು. ಬೇಕರಿಯವನ ಚಪ್ಪಾಳೆಯಿಂದ ಮೈದಾ ಮೋಡದ ಹಾಗೆ ಎದ್ದಿತು.

"ಸಾಹೇಬ್ರೇ, ಬೇಡ!" ಗೊತ್ತಪ್ಪನವರು ಅಡ್ಡ ಬಂದರು. "ಸುಳ್ಳು ಅದು! ನಾನು ಹುಟ್ಟಿಸಿದ ಸುಳ್ಳು! ಇದು ಬೇರೆ ಗಿಡ, ನಾನೇ ತಂದು ನೆಟ್ಟಿದ್ದು!"

"ಎಷ್ಟು ವಿನಯ ನೋಡಿ," ಎಂದರು ಮಾಸ್ತರು ಸಾಹೇಬರ ಕಿವಿಯಲ್ಲಿ.

"ಇಂಥವರು ಅಪರೂಪ," ಎಂದರು ಸಾಹೇಬರು.

ಗೊತ್ತಪ್ಪನವರು ಸುತ್ತ ನೋಡಿದರು. ಬಾಯಿಮಾತು ಎಲ್ಲಿಗೂ ಮುಟ್ಟುವ ಹಾಗಿರಲಿಲ್ಲ. ಆಗ ಜನರ ನಡುವೆ ಜಾಗ ಮಾಡಿಕೊಂಡು ಅವರ ಹೆಂಡತಿ ಬಂದರು. ಕೈಯಲ್ಲಿ ಗುದ್ದಲಿ ಇತ್ತು.

"ತಗೊಳ್ಳಿ," ಎಂದರು. ಅಷ್ಟೇ.

ಗೊತ್ತಪ್ಪನವರು ತಮ್ಮ ಕೈಯಾರೆ ಕಟ್ಟಿದ ಚಿನ್ನದ ಬೇಲಿಯನ್ನು ಒದ್ದು ಉರುಳಿಸಿದರು. "ಅಯ್ಯಯ್ಯೋ, ನಮ್ಮ ಗಿಡ!" ಎಂದು ಅತ್ತೆ ಕೂಗುತ್ತಿದ್ದಂತೆಯೇ ಬುಡದ ಸುತ್ತ ಅಗೆದರು. ಗುದ್ದಲಿ ಬಿಸಾಡಿ, ಕಾಂಡವನ್ನು ಎರಡೂ ಕೈಯಲ್ಲಿ ತಬ್ಬಿ, ಹಲ್ಲು ಕಚ್ಚಿ ಎಳೆದರು. ಗಿಡ ಮೇಲೆ ಬಂತು. ಅವರು ಕೆಳಗೆ ಬಿದ್ದರು. ಬೇರು ಕಾಣಬೇಕಾದ ಕಡೆ ಕರಿಯ ಪ್ಲಾಸ್ಟಿಕ್ ಚೀಲವೊಂದು ಬಿಗಿಯಾಗಿ ಕೂತಿತ್ತು. ಬೀದಿಯ ವೃಕ್ಷ ಸಲಹೆಗಾರರು ಗಿಡವನ್ನು ಚೀಲದ ಸಮೇತ ನೆಟ್ಟಿದ್ದರು.

ನರ್ಸಮ್ಮ ಬಗ್ಗಿ ಮಣ್ಣು ಒರೆಸಿ, ಚೀಲದ ಮೇಲಿನ ಅಕ್ಷರಗಳನ್ನು ಇಡೀ ಬೀದಿಗೆ ಕೇಳುವಂತೆ ಓದಿದರು: "ಮಾರಿದ ಗಿಡವನ್ನು ವಾಪಸು ತೆಗೆದುಕೊಳ್ಳಲಾಗುವುದಿಲ್ಲ."

ಮೊದಲು ಚೇತರಿಸಿಕೊಂಡವರು ಸಾಹೇಬರು. "ಹ್ಞಾ! ನಿಮ್ಮಲ್ಲಿ ಯಾರಾದ್ರೂ ಪ್ರಶ್ನೆ ಮಾಡ್ತೀರಾ ಅಂತ ಪರೀಕ್ಷೆ ಮಾಡ್ತಾ ಇದ್ದೆ," ಎಂದು ಹೇಳಿ, ಮತ್ತೊಮ್ಮೆ ಮೋರಿ ನೋಡಿ, ಜೀಪು ಹತ್ತಿದರು. ಊರಿನ ಉಳಿದ ಸಸಿಗಳು ಆ ಧೂಳಿನಲ್ಲೇ ಬದುಕಿಕೊಂಡವು.

ಜೀಪು ಮರೆಯಾದ ಮೇಲೆ ಬೀದಿ ಗೊತ್ತಪ್ಪನವರ ಕಡೆ ತಿರುಗಿತು. ಬೇಕರಿಯವನು ತೋಳು ಮಡಿಸಿದ. ಮಾಸ್ತರು ಬೆರಳೆತ್ತಿದರು. ಒಬ್ಬರು ವಂಚಕ ಎಂದರು, ಇನ್ನೊಬ್ಬರು ಗಿಡಗಳ್ಳ ಎಂದರು. ಗೊತ್ತಪ್ಪನವರು ಮಣ್ಣಿನಲ್ಲಿ ಕೂತೇ ಎಲ್ಲವನ್ನೂ ಕೇಳಿದರು. ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.

ನರ್ಸಮ್ಮ ಅಷ್ಟರಲ್ಲಿ ತಮ್ಮ ಬೋಳು ಸಸಿಯ ಬಳಿ ಹೋಗಿ ಉಗುರಿನಿಂದ ತೊಗಟೆ ಗೀರಿ ನೋಡಿದ್ದರು. "ಗಲಾಟೆ ಸಾಕು! ಒಳಗೆ ಹಸಿರಿದೆ. ಜೀವ ಇದೆ. ನೀರು ಬೇಕು, ಅಷ್ಟೆ."

ಶಿಕ್ಷೆ ಅಲ್ಲೇ ತೀರ್ಮಾನವಾಯಿತು. ಸಸಿಗಳು ಚಿಗುರುವ ತನಕ ಇಡೀ ಬೀದಿಗೆ ನೀರು ಹೊರುವವರು ಗೊತ್ತಪ್ಪನವರೇ. "ಒಂದು ಸತ್ರೂ..." ಎಂದು ಬೇಕರಿಯವನು ಶುರುಮಾಡಿದ. ಮುಂದಿನದನ್ನು ಹೇಳಲು ತಕ್ಕ ಭಯಂಕರವಾದದ್ದು ಹೊಳೆಯದೆ ಸುಮ್ಮನಾದ.

ಮನೆಯೊಳಗೆ ಹೋಗಲು ಗೊತ್ತಪ್ಪನವರಿಗೆ ಕಾಲೇಳಲಿಲ್ಲ. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಅಳಿಯನ ಮೈಮೇಲಿನ ಮಣ್ಣನ್ನೂ ಮುಖವನ್ನೂ ಒಮ್ಮೆ ನೋಡಿದರು.

"ನೀವು ಸುಳ್ಳು ಹೇಳ್ತಿದೀರಿ ಅಂತ ನನಗೆ ಅವತ್ತೇ ಗೊತ್ತಿತ್ತು. ಸ್ಕೂಟರಿನ ಸದ್ದಿಗೆ ಎಚ್ಚರ ಆಗಲ್ವಾ?" ಎಂದರು. "ಇಷ್ಟು ಜನರ ಮುಂದೆ ನಿಜ ಹೇಳ್ತೀರಿ ಅಂತ ಗೊತ್ತಿರ್ಲಿಲ್ಲ. ಹೋಗಿ, ಕೈ ಕಾಲು ತೊಳ್ಕೊಳ್ಳಿ."

ಅವತ್ತಿನಿಂದ ಗೊತ್ತಪ್ಪನವರು ಅಂಗಡಿ ತೆರೆಯುವ ಮುಂಚೆ ಮತ್ತು ಮುಚ್ಚಿದ ಮೇಲೆ ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಬೀದಿ ತಿರುಗಿದರು. ಅಂಗೈಯಲ್ಲಿ ಬೊಕ್ಕೆ ಎದ್ದವು. ಚೀಲ ಕಳಚಿ ನೆಟ್ಟ ಉದ್ದೆಲೆಯ ಗಿಡವೂ ಈ ಸಲ ನಿಜವಾಗಿ ಬೇರು ಬಿಟ್ಟಿತು. ಯಾವ ಸಸಿಯ ಬುಡದಲ್ಲಿ ನೀರು ನಿಲ್ಲುತ್ತದೆ, ಯಾವುದರಲ್ಲಿ ಹರಿದುಹೋಗುತ್ತದೆ ಎಂಬುದು ಕಾಲಿಗೇ ತಿಳಿಯತೊಡಗಿತು. ಒಂದು ಬೆಳಿಗ್ಗೆ ಬೇಕರಿಯ ಮುಂದಿನ ಕಡ್ಡಿಯ ತುದಿಯಲ್ಲಿ ಕೆಂಪಗೆ ಏನೋ ಮಿನುಗಿತು. ಗೊತ್ತಪ್ಪನವರು ಬಕೆಟ್ಟು ಇಟ್ಟು ಬಗ್ಗಿ ನೋಡಿದರು. ಚಿಗುರು. ನಾಲ್ಕಾರು ದಿನಗಳಲ್ಲಿ ಬೀದಿಯ ಎಲ್ಲ ಕಡ್ಡಿಗಳೂ ಹಸಿರಾದವು. ಬೇಕರಿಯವನದು ಎಲ್ಲಕ್ಕಿಂತ ದಟ್ಟವಾಗಿ ಎಲೆ ಹೊತ್ತು ನಿಂತಿತು.

ಪಕ್ಕದ ಬೀದಿಯ ದರ್ಜಿಗೆ ಇದು ಕಣ್ಣಿಗೆ ಬಿತ್ತು. ಅವನು ವಿಚಾರಿಸಲು ಬಂದಾಗ ಬೇಕರಿಯವನು ಗಿಡದ ಪಕ್ಕದಲ್ಲೇ ನಿಂತಿದ್ದ.

"ಏನಿಲ್ಲ, ಹಾಲೆಲೆ ಕಿತ್ತೆ," ಎಂದ ಬೇಕರಿಯವನು. "ಇವು ಅಸಲಿ ಎಲೆ."

"ಆದ್ರೆ ಮೊದಲಿನ ಹಾಗೇ ದುಂಡಗಿದೆಯಲ್ಲ?"

"ಹೊರಗೆ ಹಾಗೇ ಕಾಣತ್ತೆ. ಒಳಗಡೆ ಬೇರೇನೇ ಇದೆ."

"ಹೌದಾ! ಹಾಗಾದ್ರೆ ಈಗಲೇ ಹೋಗಿ ನಮ್ಮ ಬೀದೀದೆಲ್ಲಾ ಕಿತ್ತುಬಿಡ್ತೀವಿ," ಎಂದು ದರ್ಜಿ ತೋಳು ಮಡಿಚಿಕೊಂಡ.

ಗೊತ್ತಪ್ಪನವರು ಆಗಷ್ಟೇ ತುಂಬಿದ ಎರಡು ಬಕೆಟ್ಟುಗಳೊಂದಿಗೆ ಮೂಲೆ ತಿರುಗಿದ್ದರು. ಅವರ ಬಾಯಿ ತೆರೆಯಿತು. ಮತ್ತೆ ಮುಚ್ಚಿತು. ನೆಟ್ಟಗೆ ದರ್ಜಿಯ ಮುಂದೆ ಬಂದು, ಅವನ ಬಲಗೈಗೆ ಒಂದು ಬಕೆಟ್ಟು, ಎಡಗೈಗೆ ಇನ್ನೊಂದು ಕೊಟ್ಟರು.

"ಕೀಳೋದಕ್ಕೆ ಮುಂಚೆ ಇದು. ಬನ್ನಿ, ನಿಮ್ಮ ಬೀದಿಗೇ ಹೋಗೋಣ. ಪ್ರತಿ ಗಿಡಕ್ಕೂ ಒಂದೊಂದು."

ಸೂಜಿಗಿಂತ ಭಾರವಾದದ್ದನ್ನು ಎತ್ತಿ ಅಭ್ಯಾಸವಿಲ್ಲದ ದರ್ಜಿ ಅವರ ಹಿಂದೆ ಹೊರಟ. ಆ ಬೀದಿಯ ಕೊನೇ ಗಿಡಕ್ಕೆ ನೀರು ಬೀಳುವ ಹೊತ್ತಿಗೆ ಅವನ ಕೈಯಲ್ಲಿ ಎಲೆ ಕೀಳುವುದಿರಲಿ, ತನ್ನ ಅಂಗಿಯ ಗುಂಡಿ ಬಿಚ್ಚುವ ಶಕ್ತಿಯೂ ಉಳಿದಿರಲಿಲ್ಲ.